ಛತ್ರಿ ಸೋತ ಊರಿನ ಕೋಟು

(ಬಟ್ಟೆ ಹಿಂದಿನ ಕಥೆ, ಭಾಗ 1)

ಎಡಿನ್‌ಬರಾಗೋ ಗ್ಲಾಸ್ಗೋಗೋ ಓದೋಕೆ ಹೊರಟಿರೋ ಫ್ರೆಂಡ್ ಯಾರಾದ್ರೂ ಇದ್ರೆ ಇದನ್ನ ಅವರಿಗೆ ಕಳಿಸಿ. ಸೂಟ್‌ಕೇಸಲ್ಲಿ ಛತ್ರಿ ಇಟ್ಟಿದ್ರೆ ಮೊದಲು ಆಚೆ ತೆಗೆಸಿ. ಸ್ಕಾಟ್ಲೆಂಡಿನ ಮಳೆ ಗಾಳಿ ಜೊತೆ ಅಡ್ಡಡ್ಡ ಬರುತ್ತೆ, ಛತ್ರಿ ಮಗುಚಿಕೊಂಡು ಕಡ್ಡಿ ಮುರಿಯುತ್ತೆ. ಎಡಿನ್‌ಬರಾದಲ್ಲಿ ಜುಲೈ ತಿಂಗಳ ಹಗಲಿನ ಉಷ್ಣಾಂಶವೇ ಸರಾಸರಿ 19 ಡಿಗ್ರಿ ಆಸುಪಾಸು. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮಳೆ, ಸಂಜೆಗೆ ಸಮುದ್ರದ ಕಡೆಯಿಂದ ಮಂಜು, ಎಲ್ಲಾ ಒಂದೇ ದಿನದಲ್ಲಿ ಆಗಬಹುದು. ನಾವು ದಿನಾ ಹಾಕೋ ರೈನ್‌ಕೋಟು ಇಂಥ ನಾಡಲ್ಲಿ ಹುಟ್ಟಿದ್ದು ಅಂದ್ರೆ ಆಶ್ಚರ್ಯ ಏನಿಲ್ಲ ಬಿಡಿ.

(ಭಾಗ 2)

ಬಿಕಾಂನವರಿಗೆ ಈ ಭಾಗ ಇಷ್ಟ ಆಗುತ್ತೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಬೈ-ಪ್ರಾಡಕ್ಟ್ ಅಂತ ಓದ್ತೀವಲ್ಲ? 19ನೇ ಶತಮಾನದ ಆರಂಭದಲ್ಲಿ ಬೀದಿದೀಪಕ್ಕೆ ಕಲ್ಲಿದ್ದಲಿನಿಂದ ಗ್ಯಾಸ್ ಮಾಡೋರು. ಉಳಿಯೋದು ಕರೀ ಟಾರು, ನಾತ ಹೊಡೆಯೋ ಅಮೋನಿಯಾ ನೀರು. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್‌ಗೆ ಅಮೋನಿಯಾ ಬೇಕಿತ್ತು, ಅವನ ಮನೆತನದ್ದು ಬಟ್ಟೆಗೆ ಬಣ್ಣ ತಯಾರಿಸೋ ವ್ಯವಹಾರ. ಗ್ಯಾಸ್ ಕಾರ್ಖಾನೆಯಿಂದ ಅಮೋನಿಯಾ ಜೊತೆ ಟಾರನ್ನೂ ಕೊಂಡ. ಟಾರಿನಿಂದ ನ್ಯಾಫ್ತಾ ಅನ್ನೋ ದ್ರವ ತೆಗೆದ. ಅದರಲ್ಲಿ ರಬ್ಬರ್ ಕರಗುತ್ತೆ. ಆ ಅಂಟನ್ನ ಎರಡು ಬಟ್ಟೆಗಳ ನಡುವೆ ಹಚ್ಚಿ ಒತ್ತಿದ. ರಬ್ಬರ್ ಮೈಗೂ ತಾಗಲ್ಲ, ಹೊರಗೂ ಅಂಟಲ್ಲ, ನೀರು ಮಾತ್ರ ಒಳಗೆ ಬರಲ್ಲ. 1823ರಲ್ಲಿ ಪೇಟೆಂಟ್ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಕಾರ್ಖಾನೆ ಶುರುವಾಯಿತು.

ಆದ್ರೆ ಇಲ್ಲಿ ಇನ್ನೊಬ್ಬ ಇದ್ದಾನೆ. ಜೇಮ್ಸ್ ಸೈಮ್, ಎಡಿನ್‌ಬರಾದ ವಿದ್ಯಾರ್ಥಿ. ಟಾರಿನಿಂದ ಬರೋ ದ್ರವದಲ್ಲಿ ರಬ್ಬರ್ ಕರಗುತ್ತೆ, ಅದರಿಂದ ಬಟ್ಟೆಗೆ ನೀರು ಇಳಿಯದ ಹಾಗೆ ಮಾಡಬಹುದು ಅಂತ 1818ರಲ್ಲೇ ಪ್ರಕಟಿಸಿದ್ದ. ಆಗ ಅವನಿಗೆ ಹದಿನೆಂಟು ವರ್ಷ, ನಮಗಿಂತ ಚಿಕ್ಕವನು! ಪೇಟೆಂಟ್ ಮಾಡಿಸಲಿಲ್ಲ. ಮುಂದೆ ದೊಡ್ಡ ಸರ್ಜನ್ ಆದ, ಪಾದ ತೆಗೆಯೋ ಒಂದು ಶಸ್ತ್ರಚಿಕಿತ್ಸೆಗೆ ಇವತ್ತಿಗೂ ಅವನ ಹೆಸರಿದೆ. ಕೋಟಿಗೆ ಮಾತ್ರ ಇಲ್ಲ. ಕದ್ದ ಅಂತ ಮ್ಯಾಕಿಂಟಾಷ್‌ನ ಬೈಯೋಕೆ ನಾನು ತಯಾರಿಲ್ಲ, ಎರಡು ಬಟ್ಟೆ ಸೇರಿಸೋ ಉಪಾಯ ಅವನದೇ. ಆದ್ರೂ ಆ ಹುಡುಗನ ಹೆಸರು ನಮಗ್ಯಾರಿಗೂ ಗೊತ್ತಿಲ್ಲ ಅನ್ನೋದು ಚುಚ್ಚುತ್ತೆ.

(ಭಾಗ 3)

ಮೊದಲ ಕೋಟುಗಳು ಚೆನ್ನಾಗಿದ್ವಾ? ಊಹೂಂ. ಚಳಿಗೆ ಹಲಗೆ ಥರ ಸೆಟೆದುಕೊಳ್ಳೋವು, ಸೆಕೆಗೆ ಅಂಟಂಟು, ಮೇಲೆ ವಾಸನೆ ಬೇರೆ. ದರ್ಜಿಗಳು ಹೊಲಿದಲ್ಲೆಲ್ಲಾ ಸೂಜಿ ತೂತಿನಿಂದ ನೀರು ಇಳಿಯೋದು. ಬೆವರು ಆಚೆ ಹೋಗಲ್ಲ ಅಂತ ವೈದ್ಯರ ತಕರಾರು. ಲಂಡನ್ನಿನ ಥಾಮಸ್ ಹ್ಯಾನ್‌ಕಾಕ್ ಪಾಲುದಾರನಾದ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸೋ ವಿಧಾನಕ್ಕೆ ಅವನು ಬ್ರಿಟನ್ನಿನಲ್ಲಿ, ಚಾರ್ಲ್ಸ್ ಗುಡ್‌ಇಯರ್ ಅಮೆರಿಕದಲ್ಲಿ 1840ರ ದಶಕದಲ್ಲಿ ಪೇಟೆಂಟ್ ಪಡೆದ ಮೇಲೆ ಅಂಟು, ಸೆಟೆತ ಎರಡೂ ಕಡಿಮೆ ಆದವು. ಮ್ಯಾಕಿಂಟಾಷ್ 1843ರಲ್ಲೇ ತೀರಿಕೊಂಡ.

ನಮ್ಮ ಮಲೆನಾಡಿನವರು ಕಂಬಳಿಕೊಪ್ಪೆ, ಗೊರಬು ಹಾಕ್ಕೊಂಡು ಗದ್ದೆಗೆ ಇಳಿಯೋದು ನೋಡಿದ್ದೀರಲ್ಲ. ಅಲ್ಲೂ ಅದೇ ಲೆಕ್ಕ, ಎರಡೂ ಕೈ ಖಾಲಿ ಇರಬೇಕು, ಮಳೆ ಬೆನ್ನ ಮೇಲಿಂದ ಜಾರಿ ಹೋಗಬೇಕು.

ಈಗ ಪ್ಯಾಕಿಂಗ್. ಒಂದೇ ದಪ್ಪ ಜಾಕೆಟ್‌ಗೆ ದುಡ್ಡು ಸುರೀಬೇಡಿ, ಬಿಸಿಲು ಬಂದ್ರೆ ಅದನ್ನ ಕೈಯಲ್ಲಿ ಹಿಡ್ಕೊಂಡು ತಿರುಗಬೇಕಾಗುತ್ತೆ. ಒಳಗೆ ತೆಳು ಬಟ್ಟೆ, ಮಧ್ಯೆ ಉಣ್ಣೆ ಸ್ವೆಟರ್, ಹೊರಗೆ ಗಾಳಿ-ಮಳೆ ತಡೆಯೋ ತೆಳು ಕೋಟು. ಟೋಪಿ ಕೋಟಿಗೇ ಅಂಟಿಕೊಂಡಿರಲಿ, ಬಿಗಿ ಮಾಡೋಕೆ ದಾರ ಇರಲಿ. ಕಾಲಿಗೆ ನೀರು ಇಳಿಯದ ಶೂ. ಅಂಗಡಿಯಲ್ಲಿ ಕೋಟನ್ನ ಉಲ್ಟಾ ಮಾಡಿ ಹೊಲಿಗೆ ನೋಡಿ. ಹೊಲಿಗೆ ಮೇಲೆ ಉದ್ದಕ್ಕೂ ಟೇಪ್ ಅಂಟಿಸಿಲ್ಲ ಅಂದ್ರೆ ಮ್ಯಾಕಿಂಟಾಷ್ ಕಾಲದ ಅದೇ ಸೂಜಿ ತೂತಿನಿಂದ ನೀರು ನಿಮ್ಮ ಹೆಗಲಿಗೂ ಇಳಿಯುತ್ತೆ.

#ಬಟ್ಟೆಹಿಂದಿನಕಥೆ #ಇತಿಹಾಸ #ರೈನ್‌ಕೋಟು