ಅಪ್ಪನ ಕುರ್ಚಿ, ಮಗನ ಪಕ್ಷ

2021ರಲ್ಲಿ ಮೂರು ತಿಂಗಳೊಳಗೆ ಇಬ್ಬರು ಮಾಜಿ ಮುಖ್ಯಮಂತ್ರಿಗಳ ಮಕ್ಕಳು ಅಪ್ಪಂದಿರ ಕುರ್ಚಿಗೆ ಬಂದರು. ಮೇ 7ರಂದು ಇಲ್ಲಿ ಚೆನ್ನೈನಲ್ಲಿ ಎಂ.ಕೆ. ಸ್ಟಾಲಿನ್, ಜುಲೈ 28ರಂದು ಬೆಂಗಳೂರಿನಲ್ಲಿ ಬಸವರಾಜ ಬೊಮ್ಮಾಯಿ. ಇಲ್ಲಿನ ಗೆಳೆಯರು ‘ನಿಮ್ಮಲ್ಲೂ ಅದೇ ಕಥೆ’ ಎಂದು ಕಾಲೆಳೆಯುತ್ತಾರೆ. ಅದೇ ಕಥೆಯಲ್ಲ.

ಸ್ಟಾಲಿನ್ ಬರಿಗೈಲಿ ಬಂದವರೇನಲ್ಲ; ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು, ಈ ನಗರದ ಮೇಯರ್ ಆಗಿದ್ದವರು. ಆದರೂ 2018ರಲ್ಲಿ ಕರುಣಾನಿಧಿ ತೀರಿಕೊಂಡ ಮೂರೇ ವಾರಕ್ಕೆ ಡಿಎಂಕೆ ಅಧ್ಯಕ್ಷಗಿರಿ ಅವರ ಕೈ ಸೇರಿತ್ತು. ಇಲ್ಲಿ ದಾಟಿದ್ದು ಪಕ್ಷ.

ಬೊಮ್ಮಾಯಿಯವರಿಗೆ ಜೋಡಿ ಹುಡುಕಬೇಕೆಂದರೆ ಅಮೆರಿಕದ ಆರಂಭದ ದಿನಗಳಿಗೆ ಹೋಗಬೇಕು. ಅಲ್ಲಿನ ಮೊದಲ ಐವರು ಅಧ್ಯಕ್ಷರಲ್ಲಿ ಮದುವೆಯಿಂದ ಹುಟ್ಟಿ, ಬೆಳೆದು ದೊಡ್ಡವನಾದ ಮಗನಿದ್ದದ್ದು ಜಾನ್ ಆಡಮ್ಸ್ ಒಬ್ಬರಿಗೇ. ಜೆಫರ್ಸನ್‌ ನಂತರ ಮ್ಯಾಡಿಸನ್, ಆಮೇಲೆ ಮನ್ರೋ ಬಂದದ್ದು ವಿದೇಶಾಂಗ ಕಾರ್ಯದರ್ಶಿಯ ಹುದ್ದೆಯಿಂದ. ಆಡಮ್ಸ್ ಮಗ ಜಾನ್ ಕ್ವಿನ್ಸಿಯೂ 1825ರಲ್ಲಿ ಅದೇ ಮೆಟ್ಟಿಲು ಹತ್ತಿದ. ಅದಕ್ಕೂ ಮೊದಲು, 1808ರಲ್ಲಿ, ಅಪ್ಪನ ಫೆಡರಲಿಸ್ಟ್ ಪಕ್ಷ ಬಿಟ್ಟು, 1800ರ ಚುನಾವಣೆಯಲ್ಲಿ ಅಪ್ಪನನ್ನೇ ಸೋಲಿಸಿದ್ದ ಜೆಫರ್ಸನ್ನನ ಪಕ್ಷ ಸೇರಿದ್ದ. ಇಬ್ಬರಿಗೂ ದಕ್ಕಿದ್ದು ಒಂದೊಂದೇ ಅವಧಿ.

ನಮ್ಮಲ್ಲೂ ಹೀಗೇ. ಜನತಾದಳದ ಎಸ್.ಆರ್. ಬೊಮ್ಮಾಯಿ ಸರ್ಕಾರ ಎಂಟೇ ತಿಂಗಳಿಗೆ, 1989ರ ಏಪ್ರಿಲ್ 21ರಂದು ವಜಾ ಆಯಿತು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ರಾಜ್ಯಪಾಲರು ಕೇಳಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ ಎಂದಿತು. ಕುರ್ಚಿ ಮರಳಿ ಬರಲಿಲ್ಲ, ಕಾನೂನಿನ ಪುಸ್ತಕದಲ್ಲಿ ಹೆಸರು ಉಳಿಯಿತು. ಅದೇ ತೀರ್ಪು, ಬಾಬರಿ ಮಸೀದಿ ಕೆಡವಿದ ಮೇಲೆ ಮೂರು ರಾಜ್ಯಗಳ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ಅಪ್ಪ 2007ರಲ್ಲಿ ತೀರಿಕೊಂಡರು. ಮರುವರ್ಷ ಮಗ ಸೇರಿದ್ದು ಬಿಜೆಪಿಯನ್ನೇ.

ಕರ್ನಾಟಕದಲ್ಲಿ ಹೀಗೆ ಅಪ್ಪ-ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಇನ್ನೊಂದು ಮನೆ ದೇವೇಗೌಡರದು. ಅಲ್ಲಿ ಪಕ್ಷವೇ ಮನೆಯದು, ಚೆನ್ನೈ ಮಾದರಿಗೆ ಹತ್ತಿರ. ಆದರೆ ಸ್ವಂತ ಬಲದ ಬಹುಮತ ಕುಮಾರಸ್ವಾಮಿಯವರಿಗೆ ಎಂದೂ ಸಿಗಲಿಲ್ಲ. 2019ರ ಜುಲೈ 23ರಂದು ಅವರ ಮೈತ್ರಿ ಸರ್ಕಾರ ಬಿದ್ದದ್ದು ಸದನದ ಎಣಿಕೆಯಲ್ಲಿ, 99ಕ್ಕೆ 105. ಹಿರಿಯ ಬೊಮ್ಮಾಯಿ ಹಟ ಹಿಡಿದು ಕೇಳಿದ್ದ ಪರೀಕ್ಷೆ ಅದು! ಆಮೇಲೆ ಬಂದ ಯಡಿಯೂರಪ್ಪ ಸರ್ಕಾರದಲ್ಲಿ ಕಿರಿಯ ಬೊಮ್ಮಾಯಿ ಗೃಹಮಂತ್ರಿ, ಎರಡು ವರ್ಷಕ್ಕೆ ಮುಖ್ಯಮಂತ್ರಿ.

ಕುರ್ಚಿ ಹೋದ ಮೇಲೆ ಜಾನ್ ಕ್ವಿನ್ಸಿ ಪ್ರತಿನಿಧಿ ಸಭೆಗೆ ಹೋಗಿ, 1848ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಅದೇ ವರ್ಷ ಅವನ ಮಗ ಚಾರ್ಲ್ಸ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತ. ನಮ್ಮವರಿಬ್ಬರೂ 2024ರಲ್ಲಿ ಲೋಕಸಭೆಗೆ ಹೋದರು. ತೆರವಾದ ಶಿಗ್ಗಾಂವಿಯಲ್ಲಿ ಭರತ್ ಬೊಮ್ಮಾಯಿ, ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿ ನಿಂತರು. ಅದೇ ಸೆಪ್ಟೆಂಬರ್ ಕೊನೆಯಲ್ಲಿ ಚೆನ್ನೈನಲ್ಲಿ ಉದಯನಿಧಿ ಉಪಮುಖ್ಯಮಂತ್ರಿಯಾಗಿದ್ದರು. ನವೆಂಬರ್ 23ರಂದು ನಮ್ಮ ಎರಡೂ ಮನೆಗಳ ಮೊಮ್ಮಕ್ಕಳು ಒಂದೇ ದಿನ ಸೋತರು.