ಮನೆಯೊಳಗಿನ ಬುದ್ಧ



ಕಳೆದ ತಿಂಗಳು ತಮ್ಮನ ಮಗಳು ದೂರವಾಣಿ ಮಾಡಿ, “ದೊಡ್ಡಪ್ಪ, ಹೊಸ ಮನೆಗೆ ಬುದ್ಧನ ಮೂರ್ತಿ ತಂದಿದೇವೆ. ಟಿ.ವಿ. ಪಕ್ಕ ಇಡಬಹುದಾ, ದೇವರ ಕೋಣೆಯಲ್ಲೇ ಇಡಬೇಕಾ?” ಎಂದು ಕೇಳಿದಳು. ಚರಿತ್ರೆ ಬೋಧಿಸಿದವನಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವಳದು. ಆದರೆ ಈ ವಿಷಯದಲ್ಲಿ ನಾನು ಪಾಠ ಹೇಳಿದವನಲ್ಲ, ಪಾಠ ಕಲಿತವನು.

1991 ಡಾ. ಬಿ.ಆರ್. ಅಂಬೇಡ್ಕರರ ಜನ್ಮಶತಾಬ್ದಿಯ ವರ್ಷ. ಸಾಗರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಬೌದ್ಧಧರ್ಮದ ಪಾಠ ಮುಗಿಸುತ್ತ, “ಹೀಗೆ ಈ ಧರ್ಮವು ನಮ್ಮ ನಾಡಿನಿಂದ ಸಂಪೂರ್ಣವಾಗಿ ಕಣ್ಮರೆಯಾಯಿತು” ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ನಮ್ಮನೇಲಿ ಬುದ್ಧ ಇದಾನೆ ಸಾರ್” ಎಂದ. “ಕ್ಯಾಲೆಂಡರಿನಲ್ಲಿ ಇರಬೇಕು, ಕೂತ್ಕೋ” ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ನನ್ನ ವಾಕ್ಯಕ್ಕೆ ಆಧಾರವೇ ಇರಲಿಲ್ಲವೆಂದಲ್ಲ. ನಮ್ಮ ನೆರೆಯ ಬನವಾಸಿಗೆ ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನು ಧರ್ಮಪ್ರಚಾರಕ್ಕಾಗಿ ಬಂದನೆಂದು ಸಿಂಹಳದ ‘ಮಹಾವಂಸ’ ಹೇಳುತ್ತದೆ. ವನವಾಸದ ಮಹಾರಾಜನ ರಾಣಿ ಕೊಡಬಲಿಸಿರಿಯು ಭಿಕ್ಷುಗಳಿಗೆ ವಿಹಾರ ಕಟ್ಟಿಸಿದುದನ್ನು ನಾಗಾರ್ಜುನಕೊಂಡದ ಶಾಸನ ತಿಳಿಸುತ್ತದೆ. ಕದ್ರಿಯ ಲೋಕೇಶ್ವರ ವಿಗ್ರಹವನ್ನು 968ರಲ್ಲಿ ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದ. ಶಿರಾಳಕೊಪ್ಪದ ಸಮೀಪದ ಬಳ್ಳಿಗಾವಿಯಲ್ಲಿ 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಜಯಂತಿಪ್ರಬುದ್ಧ ವಿಹಾರವನ್ನು ಕಟ್ಟಿಸಿ, ತಾರಾಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವ ಇವರ ಪೂಜೆಗೂ ಅನ್ನದಾನಕ್ಕೂ ದತ್ತಿ ಬಿಟ್ಟ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಅಲ್ಲಿ ಸ್ಥಾನವಿತ್ತು. ಅನಂತರದ ಶತಮಾನಗಳಲ್ಲಿ ಬೌದ್ಧ ವಿಹಾರಗಳ ಉಲ್ಲೇಖ ವಿರಳವಾಗುತ್ತದೆ.

ಆದರೆ ಶಾಸನಗಳು ಅರಸರ, ದಂಡನಾಯಕರ, ದತ್ತಿಗಳ ಕಥೆ ಹೇಳುತ್ತವೆಯೇ ಹೊರತು, ಗೃಹಸ್ಥನೊಬ್ಬ ತನ್ನ ಗೋಡೆಗೂಡಿನಲ್ಲಿ ಏನಿಟ್ಟು ಕೈಮುಗಿದನೆಂದು ಹೇಳುವುದಿಲ್ಲ. ಆ ಚರಿತ್ರೆಯನ್ನು ಮನೆಯೊಳಗೆ ಹೋಗಿಯೇ ಓದಬೇಕು.

ಮರುವರ್ಷದ ಬುದ್ಧಪೂರ್ಣಿಮೆಗೆ ಆ ಹುಡುಗನ ತಂದೆಯೇ ಬಂದು, “ಮೇಷ್ಟ್ರೇ, ಸಂಜೆ ನಮ್ಮನೆಗೆ ಬರಬೇಕು” ಎಂದು ಕರೆದರು. ಹೋದೆ. ನಡುಮನೆಯ ಗೋಡೆಯ ಹಲಗೆಗೆ ಬಿಳಿಯ ಬಟ್ಟೆ ಹಾಸಿ, ಮಧ್ಯದಲ್ಲಿ ಗೇಣುದ್ದದ ಬುದ್ಧನನ್ನು ಇರಿಸಿದ್ದರು. ಪಕ್ಕದಲ್ಲಿ, ತುಸು ತಗ್ಗಿನಲ್ಲಿ, ಅಂಬೇಡ್ಕರರ ಭಾವಚಿತ್ರ. ಮುಂದೆ ಎರಡು ಮೇಣದಬತ್ತಿ, ಊದುಬತ್ತಿ, ತಟ್ಟೆಯಲ್ಲಿ ಅಂಗಳದ ಹೂವು. ಮನೆಯವರೆಲ್ಲ ಕುಳಿತು ಪಾಲಿಯಲ್ಲಿ ತ್ರಿಶರಣ, ಪಂಚಶೀಲ ಹೇಳಿದರು. ಹುಡುಗನೂ ತಡವರಿಸದೆ ಹೇಳಿದ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಭಿಕ್ಷು ಚಂದ್ರಮಣಿಯವರಿಂದ ದೀಕ್ಷೆ ಪಡೆದು, ಬಳಿಕ ತಮ್ಮ ಅನುಯಾಯಿಗಳಿಗೆ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬೋಧಿಸಿದ್ದು ನನಗೆ ತಿಳಿದಿತ್ತು. ಅದರ ಫಲ ನನ್ನ ಶಾಲೆಯಿಂದ ಕೂಗಳತೆಯಲ್ಲೇ ಇದ್ದುದು ತಿಳಿದಿರಲಿಲ್ಲ. ಆ ತಂದೆ ವಿವರಿಸಿದರು: ದೀಪ ಪ್ರಜ್ಞೆಯ ಸಂಕೇತ, ಧೂಪ ಶೀಲದ ಪರಿಮಳ, ಹೂವು ನಾಳೆ ಬಾಡುತ್ತದೆ, ನಮ್ಮ ದೇಹವೂ ಹಾಗೆಯೇ. “ಇಲ್ಲಿ ನಾವು ಏನನ್ನೂ ಬೇಡುವುದಿಲ್ಲ ಮೇಷ್ಟ್ರೇ. ಸುಳ್ಳು ಹೇಳಲ್ಲ, ಕದಿಯಲ್ಲ, ಕುಡಿಯಲ್ಲ ಅಂತ ನೆನಪು ಮಾಡ್ಕೊಳ್ತೇವೆ, ಅಷ್ಟೆ.”

ಮುಂದೆ ಮಕ್ಕಳನ್ನು ಶಿರಸಿಯ ಮಾರ್ಗವಾಗಿ ಮುಂಡಗೋಡಿಗೆ ಪ್ರವಾಸ ಕರೆದೊಯ್ದಾಗ ಇನ್ನೊಂದು ಬಗೆಯ ಪೂಜಾಪೀಠವನ್ನು ಕಂಡೆ. 1966ರಲ್ಲಿ ಆರಂಭವಾದ ಅಲ್ಲಿನ ಟಿಬೆಟನ್ ವಸಾಹತಿನ ಮನೆಗಳಲ್ಲಿ ಬುದ್ಧನ ಕಾಯ, ವಾಕ್, ಚಿತ್ತಗಳ ಪ್ರತೀಕವಾಗಿ ಮೂರ್ತಿ, ಗ್ರಂಥ, ಸ್ತೂಪ ಇಡುವ ಸಂಪ್ರದಾಯ. ಎದುರಿಗೆ ಸಾಲಾಗಿ ಏಳು ನೀರಿನ ಬಟ್ಟಲು. ಬೆಳಿಗ್ಗೆ ತುಂಬಿ ಸಂಜೆ ಬರಿದು ಮಾಡುತ್ತಾರೆ; ಒಂದಕ್ಕೊಂದು ತಾಗದಂತೆ ಕಾಳಿನಷ್ಟು ಅಂತರ ಬಿಡುತ್ತಾರೆ. ನೀರು ಬಡವನಿಗೂ ದಕ್ಕುವಂಥದು. ಕೊಡುವಾಗ ಲೋಭವೂ ಕಾಡದು, ಕೊಟ್ಟೆನೆಂಬ ಜಂಬವೂ ಹುಟ್ಟದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 95 ಸಾವಿರ ಬೌದ್ಧರಿದ್ದರು. ಇಷ್ಟು ಜನರ ನಡುವೆ ನಿಂತು “ಕಣ್ಮರೆಯಾಯಿತು” ಎನ್ನುವುದು ಹೇಗೆ?

ತಮ್ಮನ ಮಗಳಿಗೆ ಹೇಳಿದ್ದಿಷ್ಟು: ಎತ್ತರದ, ಶುಚಿಯಾದ, ಗದ್ದಲವಿಲ್ಲದ ಸ್ಥಳದಲ್ಲಿಡು. ಚಪ್ಪಲಿಯ ಬಳಿ, ಬಚ್ಚಲಿನ ದಾರಿಯಲ್ಲಿ, ಕಾಲು ಚಾಚುವ ಕಡೆ ಬೇಡ. ಟಿ.ವಿ.ಯ ಪಕ್ಕವೂ ಬೇಡ. ಅಲಂಕಾರಕ್ಕೆಂದೇ ತಂದಿದ್ದರೂ ಇನ್ನೊಂದು ಮನೆಯವರು ಅದರೆದುರು ಪ್ರತಿಜ್ಞೆ ಮಾಡುತ್ತಾರೆಂಬುದು ನೆನಪಿರಲಿ.

ಆ ಬೇಸಿಗೆ ರಜೆ ಮುಗಿದ ಮೇಲೆ ಅದೇ ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ಕುಳಿತಾಗ ನನ್ನ ವಾಕ್ಯವನ್ನು ತಿದ್ದಿ ಹೇಳಿದೆ. ಆದರೆ ಅಂದು ತರಗತಿ ನಕ್ಕದ್ದಕ್ಕೆ ಆ ಹುಡುಗನಲ್ಲಿ ಕ್ಷಮೆ ಕೇಳಿರಲಿಲ್ಲ. ಮೇಷ್ಟರೆಂಬ ಬಿಗುಮಾನ ಅಡ್ಡ ಬಂದಿತ್ತು. ಅವನು ಇದನ್ನು ಓದುತ್ತಿದ್ದರೆ ತಿಳಿಯಲಿ: ತಪ್ಪು ನನ್ನದು ಮಗು, ಕ್ಷಮಿಸು. ಅಂದು ನಿನ್ನ ಉತ್ತರವೇ ಸರಿಯಾಗಿತ್ತು.