ದೀಪಕ್ಕ ಎಳದ ವೈರು, ಬಚ್ಚಲದ ಭಾರ

ನೀರು ತುಂಬೋ ಹಬ್ಬ ಬಂತಂದ್ರ ನಮ್ಮ ಅತ್ತಿಯವರು ಬಚ್ಚಲದ ತಾಮ್ರದ ಹಂಡೆ ಇಳಿಸಿ ಹುಣಸಿಹಣ್ಣು ಹಚ್ಚಿ ತಿಕ್ಕತಿದ್ರು. ಸುಣ್ಣ-ಕೆಮ್ಮಣ್ಣಿನ ಪಟ್ಟಿ ಬರದು, ಹಿಂಡಲಕಾಯಿ ಬಳ್ಳಿ ಕಟ್ಟಿ, ನೀರು ತುಂಬಿ ಪೂಜಿ ಮಾಡತಿದ್ರು. ಈಗ ಹಂಡೆ ಅಟ್ಟದ ಮ್ಯಾಲೆ ಐತಿ. ಬಚ್ಚಲದಾಗ ಗೀಸರ್ ಬಂದೈತಿ. ಥಂಡಿ ಶುರು ಆದಕೂಡ್ಲೆ ಕೌದಿ ಬಿಸಲಿಗೆ ಹಾಕತೀವಿ, ಸ್ವೆಟರ್ ತಗೀತೀವಿ. ಆದ್ರ ಥಂಡಿಯೊಳಗ ಎಲ್ಲಾರಕಿಂತ ಹೆಚ್ಚು ದುಡಿಯೋ ಗ್ವಾಡಿಯೊಳಗಿನ ವೈರನ್ನ ಯಾರೂ ಮಾತಾಡಸೋದಿಲ್ಲ.

ನಾನೂ ಮಾತಾಡಸಿರಲಿಲ್ಲ. ಹೋದ ಡಿಸೆಂಬರಿನ್ಯಾಗ ಒಂದಿನ ಬೆಳಿಗ್ಗೆ ಸುಟ್ಟ ವಾಸನಿ ಬಂತು. ನೋಡಿದ್ರ ಗೀಸರಿನ ಪ್ಲಗ್ಗು ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. ಒಳಗ ಮೊಮ್ಮಗಳು ಜಳಕ ಮಾಡಲಿಕ್ಕೆ ಕುಂತಿದ್ಳು. ಮೇನ್ ಸ್ವಿಚ್ ಇಳಿಸೋತನಕ ನನ್ನ ಕೈ ನಡಗತಿತ್ತು. ವೈರಿಂಗ್ ಮಾಡೋ ಹುಡುಗ ಬಂದು ಬೋರ್ಡ್ ಬಿಚ್ಚಿ ನೋಡಿ, "ಅಕ್ಕಾರ, ಗೀಸರಿಂದು ಏನೂ ತಪ್ಪಿಲ್ರಿ, ಇದು ದೀಪಕ್ಕ ಎಳದ ವೈರ್ರೀ" ಅಂದ. ಆ ಒಂದು ಮಾತಿನ್ಯಾಗ ನಮ್ಮೆಲ್ಲರ ಮನಿ ಇತಿಹಾಸ ಐತಿ.

ಹಳೇ ಮೈಸೂರು ಸಂಸ್ಥಾನದಾಗ 1902ರಲ್ಲಿ ಕಾವೇರಿ ನದಿಯ ಶಿವನಸಮುದ್ರದಾಗ ಕರೆಂಟ್ ತಯಾರಾತು. ಅದು ಮೊದಲು ಹೋಗಿದ್ದು ಯಾರ ಮನೀಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಾಗ ಬೆಂಗಳೂರಿನ ಬೀದಿಗೆ ದೀಪ ಬಂದ್ವು. ಆವಾಗ ನಮ್ಮ ಧಾರವಾಡ ಸೀಮಿ ಮುಂಬೈ ಪ್ರಾಂತದಾಗಿತ್ತು. ಇಲ್ಲಿ ಹಳ್ಳಿಗಳಿಗೆ ಕರೆಂಟ್ ಮುಟ್ಟಿದ್ದು ಭಾಳ ತಡ ಆಗಿ. 1964ರಾಗ ಲಿಂಗನಮಕ್ಕಿ ಅಣೆಕಟ್ಟು ಮುಗದು ಶರಾವತಿ ಕರೆಂಟ್ ಬಂದ ಮ್ಯಾಲೆ ರಾಜ್ಯದ ತುಂಬ ಕಂಬ ನಿಂತ್ವು. ಮುಂದ ಭಾಗ್ಯಜ್ಯೋತಿ ಯೋಜನೆಯೊಳಗ ಬಡವರ ಮನೀಗೆ ಒಂದೊಂದು ದೀಪ ಸಿಕ್ಕಿತು.

ಎಲ್ಲಾ ಕಡೆ ಕರೆಂಟ್ ಮನಿಯೊಳಗ ಬಂದಿದ್ದು ದೀಪದ ರೂಪದಾಗ. ಚಿಮಣಿ, ಕಂದೀಲಿನ ಜಾಗಾದಾಗ ಬಲ್ಬ್ ಕುಂತಿತು. ಅದಕ್ಕ ಇವತ್ತಿಗೂ ನಾವು "ಲೈಟ್ ಹೋತು", "ಲೈಟ್ ಬಿಲ್ ಬಂತು" ಅಂತೀವಿ. ಫ್ರಿಜ್, ಮಿಕ್ಸರ್, ಗೀಸರ್ ಎಲ್ಲಾ ಸೇರಿದ್ರೂ ಅದು ಲೈಟ್ ಬಿಲ್ಲೇ. ಖೋಲಿಗೊಂದು ಬಲ್ಬು, ಒಂದು 5 ಆಂಪಿಯರ್ ಸಣ್ಣ ಪ್ಲಗ್ಗು, ಸಣ್ಣ ಅಲ್ಯುಮಿನಿಯಂ ವೈರು, ಭಾಳ ಕಡೆ ಅರ್ಥಿಂಗೇ ಇಲ್ಲ. ಆವಾಗಿನ ಲೆಕ್ಕಕ್ಕ ಅಷ್ಟು ಸಾಕಾಗಿತ್ತು.

ಬಿಸಿನೀರು ಮಾತ್ರ ಕರೆಂಟಿನ ಕೆಲಸ ಆಗಿರಲಿಲ್ಲ. ಅದು ನಮ್ಮ ಕೆಲಸ ಆಗಿತ್ತು. ಕತ್ತಲಿದ್ದಾಗ ಎದ್ದು, ಕಟ್ಟಿಗಿ ಕುಳ್ಳು ಒಟ್ಟಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಹಂಡೆ ಕಾಸಬೇಕಿತ್ತು. ಆಮ್ಯಾಲೆ ನೀರು ಕಾಸೋ ರಾಡ್ ಬಂತು, ಗೀಸರ್ ಬಂತು. ಹೆಣ್ಣುಮಕ್ಕಳಿಗೆ ಹೊಗಿ ತಪ್ಪಿತು. ಅದು ಸಣ್ಣ ಮಾತಲ್ಲ, ಯಾರೂ ವಾಪಸ್ ಹೋಗೋದು ಬ್ಯಾಡ. ಆದ್ರ ನಮ್ಮ ಬೆನ್ನಿನ ಭಾರ ಹಳೇ ವೈರಿನ ಮ್ಯಾಲೆ ಬಿತ್ತು.

ಎಷ್ಟು ಭಾರ ಅಂತ ಲೆಕ್ಕ ಹಾಕೋಣ. 40 ವ್ಯಾಟಿನ ಐವತ್ತು ಬಲ್ಬ್ ಸೇರಿದ್ರ 2000 ವ್ಯಾಟಿನ ಒಂದು ಗೀಸರ್ ಆಗತೈತಿ. 1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಅನ್ನೋ ವಿಜ್ಞಾನಿ ಕಂಡುಹಿಡದ ಪ್ರಕಾರ, ವೈರಿನಾಗ ಕರೆಂಟ್ ಎರಡು ಪಟ್ಟಾದ್ರ ಅದರ ಕಾವು ನಾಕು ಪಟ್ಟಾಗತೈತಿ. ಅಂದ್ರ ಒಂದು ಬಲ್ಬಿನ ಜಾಗಾದಾಗ ಗೀಸರ್ ಹಚ್ಚಿದ್ರ ಅದೇ ವೈರಿನಾಗ ಕಾವು 2500 ಪಟ್ಟು. ಜೋಡಿಸಿದ ಜಾಗಾ ಸಡಿಲಿದ್ರ ಮೊದಲು ಸುಡೋದು ಅದೇ.

ಇದಕ್ಕಂತನೇ ಫ್ಯೂಸ್ ಇತ್ತು. ತಾನು ಕರಗಿ ಮನಿ ಉಳಿಸೋದೇ ಅದರ ಕೆಲಸ. ನಾವೇನು ಮಾಡತಿದ್ವಿ? ಮ್ಯಾಲಿಂದ ಮ್ಯಾಲೆ ಹೋಗತೈತಿ ಅಂತ ದಪ್ಪನ್ನ ತಂತಿ ಸುತ್ತತಿದ್ವಿ. ಈಗ ತಾನಾಗೇ ಬೀಳೋ ಎಂಸಿಬಿ ಬಂದಾವ. ಆದ್ರ ಎಂಸಿಬಿ ಕಾಯೋದು ವೈರನ್ನ. ಮನಷಾರನ್ನ ಕಾಯಲಿಕ್ಕೆ ಆರ್‌ಸಿಸಿಬಿ ಬೇಕು. 30 ಮಿಲಿ ಆಂಪಿಯರಿನಷ್ಟು ಕರೆಂಟ್ ದಾರಿ ತಪ್ಪಿ ಹರದ್ರ ಅದು ಕಣ್ಣು ಮುಚ್ಚಿ ತೆಗಿಯೋದರಾಗ ಲೈನ್ ಕಡೀತೈತಿ.

ಅದಕ್ಕ ಥಂಡಿಗೆ ಮೊದಲು ಒಂದಿನ ತಿಳದಾಂವನ್ನ ಕರಸ್ರಿ. ಗೀಸರಿಗೆ ಬ್ಯಾರೇ ಲೈನು, 2.5 ಇಲ್ಲಾ 4 ಚದರ ಮಿಲಿಮೀಟರಿನ ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟು, ಅದರದೇ ಎಂಸಿಬಿ ಐತೋ ಇಲ್ಲೋ ನೋಡಸ್ರಿ. ಸಡಿಲಾದ ಸ್ಕ್ರೂ ಬಿಗಿ ಮಾಡಸ್ರಿ. ಮಳಿ ನಿಂತ ಮ್ಯಾಲೆ ಮಣ್ಣು ಒಣಗತೈತಿ. ಒಣ ಮಣ್ಣಿನಾಗ ಅರ್ಥಿಂಗ್ ಸರಿಯಾಗಿ ಕೆಲಸ ಮಾಡೋದಿಲ್ಲ. ಇದ್ದಿಲು-ಉಪ್ಪು ಹಾಕಿದ ಹಳೇ ಗುಂಡಿ ಇದ್ರ ಆಗಾಗ ನೀರು ಹಾಕ್ರಿ. ರಾಡ್ ಬಳಸೋರು ಮೊದಲು ಅದನ್ನ ನೀರಿನಾಗ ಇಳಿಸಿ ಆಮ್ಯಾಲೆ ಸ್ವಿಚ್ ಹಾಕ್ರಿ. ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತ ಮ್ಯಾಲೆನೇ ನೀರು ಮುಟ್ರಿ. ನೀರು ಕಾದೈತೇನಂತ ಬೆರಳು ಅದ್ದಿ ನೋಡೋ ಚಟ ಬಿಡ್ರಿ.

ನಮ್ಮ ಅತ್ತಿಯವರ ಹಬ್ಬದ ಗುಟ್ಟು ನನಗ ಈಗ ತಿಳೀತು. ಹಂಡೆ ತಿಕ್ಕೋವಾಗ ಎಲ್ಲಿ ಸವದೈತಿ, ಎಲ್ಲಿ ಸೋರತೈತಿ ಅವರಿಗೆ ಕಾಣತಿತ್ತು. ವರ್ಷಕ್ಕೊಂದು ತಪಾಸಣಿ ತಾನಾಗೇ ಆಗತಿತ್ತು. ಗೀಸರ್ ಮ್ಯಾಲೆ ತೂಗತೈತಿ, ವೈರು ಗ್ವಾಡಿಯೊಳಗ ಅಡಗೈತಿ, ಕಣ್ಣಿಗೆ ಏನೂ ಬೀಳೋದಿಲ್ಲ. ಈ ಸಲ ನೀರು ತುಂಬೋ ಹಬ್ಬದ ದಿನ ನಾನು ಗೀಸರಿಗೂ ಕುಂಕುಮ ಹಚ್ಚತೀನಿ. ಆದ್ರ ಅದಕ್ಕೂ ಮೊದಲು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತತೀನಿ. ಟಪ್ ಅಂತ ಬಿದ್ರ ಪೂಜಿ, ಬೀಳದಿದ್ರ ವೈರಿಂಗ್ ಹುಡುಗಗ ಫೋನ್. ನೀವೂ ಒತ್ತಿ ನೋಡ್ರೆವಾ.